ಲೈನ್: ಅಗಸಿ ನಾರಿನಿಂದ ಬಂದ ಮಾತು

ಹುಬ್ಬಳ್ಳಿ-ಧಾರವಾಡದಲ್ಲಿ ‘ಲೈನ್’ ಅಂದರೆ ಯಾವುದು ಎಂದು ಕೇಳಬೇಕಾಗುತ್ತದೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಹುಬ್ಬಳ್ಳಿಯಲ್ಲಿ ಅದು ರೈಲು ಹಳಿ. ಹೆಸ್ಕಾಂನ ಲೈನ್‌ಮನ್‌ಗೆ ವಿದ್ಯುತ್ ತಂತಿ. ‘ಲೈನ್ ಸಿಗವಲ್ದು’ ಅಂದರೆ ಫೋನು. ‘ಮಗ ಈಗ ಲೈನಿಗೆ ಬಂದಾನ’ ಎಂದು ತಾಯಿ ಅಂದರೆ ದಾರಿಗೆ ಬಂದ ಅಂತ. ಅದೇ ಮಗ ‘ಲೈನ್ ಹೊಡ್ಯಾಕತ್ತಾನ’ ಅಂದರೆ ಹುಡುಗಿಯ ಹಿಂದೆ ಬಿದ್ದಾನ ಅಂತ! ಬ್ರಿಟಿಷರ ಕಾಲದಲ್ಲಿ ಸಿಪಾಯಿಗಳ ಸಾಲುಮನೆಗಳಿಗೂ ಲೈನ್ ಎನ್ನುತ್ತಿದ್ದರು. ಪೊಲೀಸ್ ಲೈನ್ ಎಂಬ ಹೆಸರು ಆ ಬಳಕೆಯದು. ಧಾರವಾಡದ ಲೈನ್ ಬಜಾರವಂತೂ ಫೇಡೆಯಿಂದಲೇ ಲೋಕಪ್ರಸಿದ್ಧ.

ಮೂಲ ಲ್ಯಾಟಿನ್. ಅಲ್ಲಿ ‘ಲೀನುಮ್’ ಎಂದರೆ ಅಗಸಿ ಗಿಡ, ‘ಲೀನಿಯಾ’ ಎಂದರೆ ಅದರ ನಾರಿನ ದಾರ. ಬಿಗಿದು ಹಿಡಿದ ದಾರವೇ ಮುಂದೆ ಗೆರೆಯಾಯಿತು, ಸಾಲಾಯಿತು. ಲಿನನ್ ಬಟ್ಟೆಯೂ ಇದೇ ಬಳಗದ್ದು. ರೊಟ್ಟಿಯ ಜೊತೆ ಅಗಸಿ ಹಿಂಡಿ ಬಡಿಸಿಕೊಳ್ಳುವ ನಮಗೆ ಈ ಗಿಡ ಹೊಸದೇನಲ್ಲ.

ಒಂದು ಅರ್ಥಕ್ಕೆ ಮಾತ್ರ ಈ ಪದ ಬೇಕಿಲ್ಲ. ಜನ ಸಾಲಾಗಿ ನಿಲ್ಲುವುದಕ್ಕೆ ನಮ್ಮಲ್ಲಿ ‘ಪಾಳಿ’ ಎಂಬ ಚೆಂದದ ಮಾತಿದೆ. ‘ಲೈನ್ ಹಚ್ಚ್ರಿ’ ಬಿಟ್ಟು ‘ಪಾಳಿ ಹಚ್ಚ್ರಿ’ ಅನ್ನೋಣ.