ಷಿಕಾಗೋ ಜೈಲು: ದುಡ್ಡಿಲ್ಲದವನ ಸೆರೆ

ಜೈಲಿನಲ್ಲಿರೋರೆಲ್ಲ ಅಪರಾಧಿಗಳು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅಮೆರಿಕದ ಷಿಕಾಗೋದಲ್ಲಿರುವ ಕುಕ್ ಕೌಂಟಿ ಜೈಲಿನ ಚರಿತ್ರೆ ನೋಡಿದರೆ ಈ ನಂಬಿಕೆ ಕಳಚಿ ಬೀಳುತ್ತದೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ದೊಡ್ಡ ಶಿಕ್ಷೆಯಾದವರನ್ನು ಅಲ್ಲಿ ರಾಜ್ಯದ ಸೆರೆಮನೆಗೆ ಕಳಿಸುತ್ತಾರೆ. ಕೌಂಟಿ ಜೈಲಿನಲ್ಲಿ ಕೊಳೆಯುವವರು ಬಹುಪಾಲು ವಿಚಾರಣೆಗೆ ಕಾದು ಕೂತವರು. ಕಾನೂನಿನ ಕಣ್ಣಲ್ಲಿ ಅವರಿನ್ನೂ ನಿರಪರಾಧಿಗಳು.

ದುಡಿಯುವ ಜನಕ್ಕೂ ಈ ಜೈಲಿಗೂ ಹಳೆಯ ನಂಟು. ಎಂಟು ಗಂಟೆ ದುಡಿಮೆಯ ಹಕ್ಕಿಗಾಗಿ ಷಿಕಾಗೋ ಕಾರ್ಮಿಕರು 1886ರ ಮೇ ತಿಂಗಳಲ್ಲಿ ಎದ್ದು ನಿಂತರು. ಮೇ 4ರ ಹೇಮಾರ್ಕೆಟ್ ಸಭೆಯಲ್ಲಿ ಬಾಂಬು ಸಿಡಿಯಿತು. ಎಸೆದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಆದರೂ ಪಾರ್ಸನ್ಸ್, ಸ್ಪೀಸ್, ಫಿಷರ್, ಎಂಗೆಲ್ ಎಂಬ ನಾಲ್ವರು ನಾಯಕರನ್ನು 1887ರ ನವೆಂಬರ್ 11ರಂದು ಈ ಕೌಂಟಿಯ ಆಗಿನ ಜೈಲಿನಲ್ಲೇ ಗಲ್ಲಿಗೇರಿಸಿದರು. 1893ರಲ್ಲಿ ಗವರ್ನರ್ ಆಲ್ಟ್‌ಗೆಲ್ಡ್ ಆ ವಿಚಾರಣೆಯೇ ಅನ್ಯಾಯದ್ದೆಂದು ಹೇಳಿ, ಸೆರೆಯಲ್ಲಿ ಉಳಿದಿದ್ದ ಮೂವರನ್ನು ಬಿಡಿಸಿದರು. ಸತ್ತವರು ಎದ್ದು ಬರಲಿಲ್ಲ. ನಾವು ಆಚರಿಸುವ ಮೇ ದಿನದ ಹಿಂದೆ ಆ ನೇಣುಗಂಬವೂ ಇದೆ.

ಈಗಿನ ಜಾಗಕ್ಕೆ ಜೈಲು ಬಂದದ್ದು 1929ರಲ್ಲಿ. ಅದು ಬೆಳೆದು ಬೆಳೆದು 96 ಎಕರೆಯಾಯಿತು. ಅದೇ ಕಾಲಕ್ಕೆ ದಕ್ಷಿಣದ ಹತ್ತಿ ಹೊಲಗಳಿಂದ ಕಪ್ಪು ಜನ ಹೊಟ್ಟೆಪಾಡಿಗೆ, ಜೀವ ಉಳಿಸಿಕೊಳ್ಳೋದಕ್ಕೆ ಷಿಕಾಗೋಕ್ಕೆ ಬರುತ್ತಿದ್ದರು. ನಗರ ಅವರನ್ನು ಬೇರೆ ಕೇರಿಗಳಿಗೆ ತಳ್ಳಿತು. ಕೇರಿ ಅನ್ನೋದು ನಮ್ಮಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡಿ. ಜೈಲು ತುಂಬಿದ್ದು ಆ ಕೇರಿಗಳಿಂದಲೇ. ಈ ಹೊತ್ತಿಗೂ ಕೌಂಟಿಯ ಜನರಲ್ಲಿ ಕಪ್ಪು ಜನ ಸುಮಾರು ಕಾಲು ಭಾಗ. ಜೈಲಿನಲ್ಲಿ ಹತ್ತಕ್ಕೆ ಏಳು.

1960ರ ದಶಕದಲ್ಲಿ ಒಳಗಿನ ಆಡಳಿತ ಬಲಾಢ್ಯ ಕೈದಿಗಳದ್ದಾಗಿತ್ತು. ಊಟ, ಹಾಸಿಗೆ, ಹೊಡೆತ ಎಲ್ಲಾ ಅವರ ಕೈಲಿ. 1970ರ ಸೆಪ್ಟೆಂಬರಿನಲ್ಲಿ ಕಪ್ಪು ಹಾಡುಗಾರ ಬಿ.ಬಿ. ಕಿಂಗ್ ಈ ಜೈಲಿನ ಅಂಗಳದಲ್ಲಿ ಹಾಡಿದರು. ಶುರುವಿನಲ್ಲಿ ಷೆರೀಫ್ ಮತ್ತು ಮುಖ್ಯ ನ್ಯಾಯಾಧೀಶರ ಹೆಸರು ಹೇಳುತ್ತಲೇ ಕೈದಿಗಳೆಲ್ಲ ಹೋ ಎಂದು ಕೂಗಿ ಅವರ ಮಾನ ಕಳೆದರು. ಆ ಕೂಗು ಧ್ವನಿಮುದ್ರಿಕೆಯಲ್ಲಿ ಇವತ್ತಿಗೂ ಕೇಳುತ್ತದೆ.

ಜಾಗ ಸಾಲದೆ ಜನ ನೆಲದ ಮೇಲೆ ಮಲಗಿದರು. 1974ರಲ್ಲಿ ಕೈದಿಗಳೇ ಕೋರ್ಟಿಗೆ ಹೋದರು, 1982ರಲ್ಲಿ ಒಪ್ಪಂದವಾಯಿತು. ಆಮೇಲೂ ನೆಲವೇ ಗತಿಯಾಯಿತು. ಕಾವಲಿನವರ ಹೊಡೆತ, ಮದ್ದಿಲ್ಲದ ಸಾವುಗಳನ್ನು 2008ರಲ್ಲಿ ಕೇಂದ್ರ ನ್ಯಾಯ ಇಲಾಖೆಯೇ ಬರೆದಿಟ್ಟಿತು. 2012ರಲ್ಲಿ ನಗರ ತನ್ನ 12 ಮಾನಸಿಕ ಚಿಕಿತ್ಸಾಲಯಗಳಲ್ಲಿ ಆರನ್ನು ಮುಚ್ಚಿತು. ಕಾಯಿಲೆಯವರಿಗೆ ಆಸ್ಪತ್ರೆ ಸಿಗಲಿಲ್ಲ, ಜೈಲು ಸಿಕ್ಕಿತು. 2013ರ ಹೊತ್ತಿಗೆ ಒಳಗೆ ಹತ್ತು ಸಾವಿರ ಜನ.

ಇಷ್ಟು ಜನ ಯಾಕೆ? ಜಾಮೀನು. ನ್ಯಾಯಾಧೀಶ ಐದು ಸಾವಿರ ಡಾಲರ್ ಅಂದರೆ ಅದರ ಹತ್ತನೇ ಒಂದು ಪಾಲು, ಐನೂರು ಡಾಲರ್ ಕಟ್ಟಬೇಕು. ಉಳ್ಳವನು ಕಟ್ಟಿ ಸಂಜೆಗೆ ಮನೆ ಸೇರುತ್ತಾನೆ. ಇಲ್ಲದವನು ತಿಂಗಳುಗಟ್ಟಲೆ ಒಳಗೆ. ಅಷ್ಟರಲ್ಲಿ ಕೆಲಸ ಹೋಗುತ್ತದೆ, ಬಾಡಿಗೆ ಮನೆ ಹೋಗುತ್ತದೆ, ಮಕ್ಕಳು ದಿಕ್ಕಾಪಾಲು. ಕೊನೆಗೆ ಮಾಡದ ತಪ್ಪನ್ನೂ ಒಪ್ಪಿಕೊಂಡು ಹೊರಗೆ ಬಂದವರಿದ್ದಾರೆ. 2020ರಲ್ಲಿ ಕೊರೋನಾ ಈ ಗೋಡೆಯೊಳಗೆ ನೂರಾರು ಜನರಿಗೆ ಹಬ್ಬಿದಾಗ ಈ ಕಾಯುವಿಕೆಯೇ ಕೆಲವರಿಗೆ ಮರಣದಂಡನೆಯಾಯಿತು.

ಜನ ಸುಮ್ಮನೆ ಕೂರಲಿಲ್ಲ. ಬೀದಿಯಲ್ಲೂ ಕೋರ್ಟಿನಲ್ಲೂ ವರ್ಷಗಟ್ಟಲೆ ಹೋರಾಡಿದರು. 2023ರ ಸೆಪ್ಟೆಂಬರ್ 18ರಂದು ಇಲಿನಾಯ್ ರಾಜ್ಯ ಹಣದ ಜಾಮೀನನ್ನೇ ತೆಗೆದುಹಾಕಿತು. ಅಮೆರಿಕದಲ್ಲಿ ಹೀಗೆ ಪೂರ್ತಿ ತೆಗೆದ ಮೊದಲ ರಾಜ್ಯ ಅದು. ಅಪಾಯ ಅನ್ನಿಸಿದವರನ್ನು ನ್ಯಾಯಾಧೀಶರು ಈಗಲೂ ಒಳಗಿಡಬಹುದು. ಆದರೆ ಜೇಬು ನೋಡಿ ಅಲ್ಲ.

1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್‌ಗಳು ಅಲ್ಲಿನ ಕಪ್ಪು ಪ್ಯಾಂಥರ್‌ಗಳಿಂದ ಹೆಸರು ತಂದರು. ಈ ಪಾಠವನ್ನೂ ತರಬೇಕು. 2022ರ ಸರ್ಕಾರಿ ಲೆಕ್ಕದಲ್ಲಿ ನಮ್ಮ ದೇಶದ ಕೈದಿಗಳಲ್ಲಿ ನಾಲ್ವರಿಗೆ ಮೂವರು ವಿಚಾರಣಾಧೀನರು. ಜಾಮೀನಿಗೆ ಪಹಣಿ ತಾ ಅಂತಾರೆ. ತುಂಡು ನೆಲವಿಲ್ಲದವನು ಪಹಣಿ ಎಲ್ಲಿಂದ ತರಬೇಕು?