ಕುತಂತ್ರಾಂಶ
ಕಂಪ್ಯೂಟರ್ ಕೆಡಿಸಲು, ಮಾಹಿತಿ ಕದಿಯಲು ಅಥವಾ ಹಣ ಸುಲಿಯಲೆಂದೇ ಬರೆದ ತಂತ್ರಾಂಶ, ಮಾಲ್‌ವೇರ್. ಜನ ಎಲ್ಲವನ್ನೂ ‘ವೈರಸ್’ ಎನ್ನುವುದು ರೂಢಿ. ಆದರೆ ವೈರಸ್ ಎಂದರೆ ಇನ್ನೊಂದು ಕಡತಕ್ಕೆ ಅಂಟಿಕೊಂಡು ಹರಡುವಂಥದ್ದು ಮಾತ್ರ. ವರ್ಮ್ ತಾನೇ ಜಾಲದಲ್ಲಿ ಹಬ್ಬುತ್ತದೆ. ರ‍್ಯಾನ್ಸಮ್‌ವೇರ್ ಕಡತಗಳಿಗೆ ಬೀಗ ಜಡಿದು ಹಣ ಕೇಳುತ್ತದೆ. ಟ್ರೋಜನ್ ಬರುವುದು ಉಪಕಾರಿಯ ವೇಷದಲ್ಲಿ.

ಟ್ರೋಜನ್ ಕಾಟವನ್ನು ಹೆಚ್ಚು ಕಂಡವರಲ್ಲಿ ಟಿಬೆಟನ್ನರೂ ಸೇರುತ್ತಾರೆ. ಹುಣಸೂರು ತಾಲ್ಲೂಕಿನ ಗುರುಪುರ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಕ್ಯಾಂಪುಗಳು ಇದೇ ಸಮುದಾಯದ ನೆಲೆಗಳು. 2009ರ ಮಾರ್ಚ್‌ನಲ್ಲಿ ಕೆನಡಾದ ಸಂಶೋಧಕರು ‘ಘೋಸ್ಟ್‌ನೆಟ್’ ಎಂಬ ಗೂಢಚರ್ಯೆಯ ಜಾಲವನ್ನು ಬಯಲಿಗೆಳೆದರು. 103 ದೇಶಗಳ 1,295 ಕಂಪ್ಯೂಟರುಗಳು ಅದಕ್ಕೆ ಸಿಕ್ಕಿದ್ದವು. ಧರ್ಮಶಾಲೆಯ ದಲೈ ಲಾಮಾ ಕಚೇರಿಯವೂ ಅವುಗಳಲ್ಲಿದ್ದವು. ಉಪಾಯ ಸರಳ: ನಂಬುವಂಥ ಇ-ಮೇಲ್, ಜೊತೆಗೊಂದು ಅಟ್ಯಾಚ್‌ಮೆಂಟ್. ತೆರೆದರೆ ಕಡತಗಳು ಪರರ ಪಾಲು; ಕ್ಯಾಮೆರಾ, ಮೈಕುಗಳನ್ನೂ ದೂರದಿಂದಲೇ ಚಾಲೂ ಮಾಡಬಹುದಿತ್ತು. ಮುಂದೆ ಟಿಬೆಟನ್ ಕಾರ್ಯಕರ್ತರು ‘ಅಟ್ಯಾಚ್‌ಮೆಂಟ್ ಬಿಡಿ’ ಎಂದು ಪ್ರಚಾರ ಮಾಡಿದರು. ಆ ಪದಕ್ಕೆ ಮೋಹ ಎಂಬ ಅರ್ಥವೂ ಇರುವುದರಿಂದ ಬೌದ್ಧರಿಗೆ ಮಾತು ನೇರವಾಗಿ ನಾಟುವಂತಿತ್ತು.

ಮನೆಯ ಕಂಪ್ಯೂಟರಿಗೆ ಮೊದಲ ರಕ್ಷಣೆ ಅಪ್‌ಡೇಟ್. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಮದ್ದು ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಕಳ್ಳಪ್ರತಿ ತಂತ್ರಾಂಶ ಬೇಡ. ಝೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವನ್ನು ತೆರೆಯುವ ಮೊದಲು ಸ್ಕ್ಯಾನ್ ಮಾಡಬೇಕು. ಫೋಟೊ, ದಾಖಲೆಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ, ಆ ಡಿಸ್ಕ್ ಸದಾ ಕಂಪ್ಯೂಟರಿಗೆ ಸಿಕ್ಕಿಸಿರಬಾರದು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಶುದ್ಧೀಕರಣದ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.