ಟ್ರೇಲರ್ ಏರಲು ಬೆದರುವ ಕುದುರೆ: ಭಯದ ಮೂಲ, ತರಬೇತಿಯ ಕ್ರಮ

ಕುದುರೆ ಸಾಗಿಸುವ ವಾಹನ

ಜೀಪು ಅಥವಾ ಕಾರಿನ ಹಿಂದೆ ಜೋಡಿಸಿ, ಕುದುರೆಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಲು ಬಳಸುವ ಮುಚ್ಚುಗಾಡಿಗೆ ಹಾರ್ಸ್ ಟ್ರೇಲರ್ ಎಂದು ಹೆಸರು. ಒಂದೆರಡು ಕುದುರೆಗಳಿಗೆ ಇದು ಸಾಕು. ಹೆಚ್ಚಿನ ಸಂಖ್ಯೆಯಿದ್ದರೆ ಇದೇ ಉದ್ದೇಶಕ್ಕೆ ಸಜ್ಜುಗೊಳಿಸಿದ ಟ್ರಕ್ಕುಗಳನ್ನು ಬಳಸುತ್ತಾರೆ. ಕೆಲವು ಟ್ರೇಲರ್‌ಗಳ ಹಿಂಬಾಗಿಲು ನೆಲಕ್ಕೆ ಬಾಗಿ ರ‍್ಯಾಂಪ್ ಆಗುತ್ತದೆ. ರ‍್ಯಾಂಪ್ ಇಲ್ಲದವುಗಳಲ್ಲಿ ಕುದುರೆ ಕಾಲೆತ್ತಿ ನೇರವಾಗಿ ಒಳಗಿಡಬೇಕು. ಒಳಗೆ ನಿಲ್ಲುವ ಜಾಗ ಕುದುರೆಯ ದೇಹಕ್ಕಿಂತ ತುಸುವೇ ಹೆಚ್ಚು ಅಗಲವಿರುತ್ತದೆ. ಎದೆಯ ಮುಂದೊಂದು ಸರಳು, ಹಿಂಭಾಗಕ್ಕೆ ಇನ್ನೊಂದು ಸರಳು ಅಥವಾ ಸರಪಳಿ, ಪಕ್ಕದಲ್ಲಿ ಮೆತ್ತೆ ಹೊದಿಸಿದ ಅಡ್ಡಗೋಡೆ ಇರುತ್ತವೆ.

ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳವರೆಗೆ ಇಂಗ್ಲೆಂಡಿನ ರೇಸ್ ಕುದುರೆಗಳು ಪಂದ್ಯದ ಊರಿಗೆ ನಡೆದೇ ಹೋಗುತ್ತಿದ್ದವು. 1836ರಲ್ಲಿ ಲಾರ್ಡ್ ಜಾರ್ಜ್ ಬೆಂಟಿಂಕ್ ಎಂಬ ಶ್ರೀಮಂತ, ಎಲಿಸ್ ಎಂಬ ಕುದುರೆಯನ್ನು ಬೇರೆ ಕುದುರೆಗಳು ಎಳೆಯುವ ಗಾಡಿಯೊಳಗೆ ನಿಲ್ಲಿಸಿ ದಕ್ಷಿಣದ ಗುಡ್‌ವುಡ್‌ನಿಂದ ಉತ್ತರದ ಡಾನ್‌ಕಾಸ್ಟರ್‌ಗೆ ಕಳುಹಿಸಿದ. ಅಷ್ಟು ದೂರ ನಡೆದು ಸಕಾಲಕ್ಕೆ ತಲುಪುವುದು ಸಾಧ್ಯವಿಲ್ಲವೆಂದು ಬಾಜಿಗಾರರು ನಂಬಿದ್ದರು. ಎಲಿಸ್ ದಣಿಯದೆ ತಲುಪಿ ಅಲ್ಲಿನ ಸೇಂಟ್ ಲೆಜರ್ ಪಂದ್ಯವನ್ನು ಗೆದ್ದಿತು. ಕುದುರೆ ಸಾಗಣೆ ಒಂದು ಕಸುಬಾಗಿ ಬೆಳೆಯಲು ಈ ಗೆಲುವೂ ಕಾರಣವಾಯಿತು.

ಕುದುರೆ ಏಕೆ ಬೆದರುತ್ತದೆ?

ಬೇಟೆಗೆ ಗುರಿಯಾಗುತ್ತ ಬಂದ ಸಸ್ಯಾಹಾರಿ ಪ್ರಾಣಿ ಕುದುರೆ. ಅಪಾಯ ಕಂಡಾಗ ಓಡುವುದೇ ಅದರ ಮೊದಲ ರಕ್ಷಣೆ, ಹಿಂಡಿನೊಡನಿರುವುದು ಎರಡನೆಯದು. ಟ್ರೇಲರ್ ಈ ಎರಡನ್ನೂ ಒಟ್ಟಿಗೆ ಕಸಿದುಕೊಳ್ಳುತ್ತದೆ. ಮೂರು ಕಡೆ ಗೋಡೆಯಿರುವ, ಸಂಗಾತಿಯಿಲ್ಲದ ಕತ್ತಲೆಯ ಗೂಡಿಗೆ ಹೋಗಲು ಕುದುರೆ ಒಪ್ಪದಿದ್ದರೆ ಅದನ್ನು ಮೊಂಡುತನ ಎನ್ನುವುದು ಅನ್ಯಾಯ. ತನ್ನ ಸ್ವಭಾವದ ಮಟ್ಟಿಗೆ ಅದು ಸರಿಯಾಗಿಯೇ ಲೆಕ್ಕ ಹಾಕಿರುತ್ತದೆ.

ಇದರ ಜೊತೆಗೆ ದೃಷ್ಟಿಯ ರಚನೆಯೂ ಸೇರಿಕೊಳ್ಳುತ್ತದೆ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ತನ್ನ ಸುತ್ತ ಸುಮಾರು 350 ಡಿಗ್ರಿಯಷ್ಟು ಕಾಣಿಸುತ್ತದೆ. ಆದರೆ ಎರಡೂ ಕಣ್ಣು ಕೂಡಿ ಆಳವನ್ನು ಅಳೆಯಬಲ್ಲ ಭಾಗ ಮುಂದಿನ ಸುಮಾರು 65 ಡಿಗ್ರಿ ಮಾತ್ರ. ಬಾಲದ ನೇರ ಹಿಂದೆ, ಹಣೆಯ ತೀರ ಮುಂದೆ ಮತ್ತು ಮೂಗಿನ ಕೆಳಗೆ ಅದಕ್ಕೆ ಏನೂ ಕಾಣುವುದಿಲ್ಲ. ಆದುದರಿಂದ ರ‍್ಯಾಂಪಿನ ಎತ್ತರವನ್ನು ಅಂದಾಜು ಮಾಡಲು ಕುದುರೆ ತಲೆ ತಗ್ಗಿಸಲೇಬೇಕು. ಹಗ್ಗವನ್ನು ಗಿಡ್ಡವಾಗಿ ಹಿಡಿದು ತಲೆಯನ್ನು ಮೇಲಕ್ಕೆಳೆಯುವ ಸೈಸ್ (ಕುದುರೆ ನೋಡಿಕೊಳ್ಳುವವನು), ತಿಳಿಯದೆಯೇ ಅದರ ಕಣ್ಣು ಕಟ್ಟಿದಂತೆ ಮಾಡುತ್ತಾನೆ. ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಕುದುರೆಯ ಕಣ್ಣಿಗೆ ಮನುಷ್ಯನ ಕಣ್ಣಿಗಿಂತ ಹೆಚ್ಚು ಸಮಯ ಬೇಕು. ಮಟಮಟ ಮಧ್ಯಾಹ್ನ ಸಿನಿಮಾ ಮಂದಿರದೊಳಗೆ ಕಾಲಿಟ್ಟವರಿಗೆ ಆಗುವ ತೊಡಕೇ ಇಲ್ಲಿ ಇನ್ನಷ್ಟು ದೀರ್ಘವಾಗಿರುತ್ತದೆ.

ಮೂರನೆಯ ಕಾರಣ ನೆಲ. ನಾನೂರು, ಐನೂರು ಕಿಲೋ ತೂಕದ ಪ್ರಾಣಿ ಗೊರಸಿಟ್ಟೊಡನೆ ಟೊಳ್ಳು ಹಲಗೆ ದಡದಡ ಸದ್ದು ಮಾಡುತ್ತದೆ, ಗಾಡಿ ತುಸು ವಾಲುತ್ತದೆ. ಗಟ್ಟಿ ನೆಲವನ್ನು ನಂಬಿ ಬದುಕುವ ಪ್ರಾಣಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ.

ಭಯವೋ, ನೋವೋ?

ತರಬೇತಿಗೆ ಮೊದಲು ಪಶುವೈದ್ಯರ ಪರೀಕ್ಷೆ ಆಗಬೇಕು. ಬೆನ್ನುನೋವು, ಹಿಂಗಾಲಿನ ಕೀಲುನೋವು, ಗೊರಸಿನ ಗಾಯ ಇರುವ ಕುದುರೆಗೆ ಇಳಿಜಾರನ್ನು ಹತ್ತುವುದಕ್ಕಿಂತ ಹಿಮ್ಮುಖವಾಗಿ ಇಳಿಯುವುದು ಕಷ್ಟ. ಅದನ್ನು ನೆನೆದೇ ಅದು ಹತ್ತಲು ಹಿಂಜರಿಯಬಹುದು. ವರ್ಷಗಟ್ಟಲೆ ಸಲೀಸಾಗಿ ಹತ್ತುತ್ತಿದ್ದ ಕುದುರೆ ಒಮ್ಮೆಲೇ ನಿರಾಕರಿಸಿದರೆ ನೋವನ್ನೋ ಹಿಂದಿನ ಪ್ರಯಾಣದ ಕಹಿ ಅನುಭವವನ್ನೋ ಶಂಕಿಸಬೇಕು. ಟ್ರೇಲರನ್ನೂ ಪರೀಕ್ಷಿಸಬೇಕು: ಕೊಳೆತ ನೆಲಹಲಗೆ, ಜಾರುವ ಚಾಪೆ, ಚೂಪಾದ ಅಂಚು, ತಲೆಗೆ ತಾಗುವಷ್ಟು ತಗ್ಗಿದ ಚಾವಣಿ ಇದ್ದರೆ ಕುದುರೆಯ ಭಯಕ್ಕೆ ಆಧಾರವಿದೆ ಎಂದೇ ಅರ್ಥ.

ಭಯದ ಲಕ್ಷಣಗಳು ಗುರುತಿಸಲು ಕಷ್ಟವಲ್ಲ. ತಲೆ ಎತ್ತರಕ್ಕೇರುತ್ತದೆ, ಮೂಗಿನ ಹೊಳ್ಳೆ ಅಗಲವಾಗುತ್ತದೆ, ಕಣ್ಣಿನ ಬಿಳಿ ಕಾಣುತ್ತದೆ, ತುಟಿ ಬಿಗಿಯುತ್ತದೆ, ಮತ್ತೆ ಮತ್ತೆ ಲದ್ದಿ ಬೀಳುತ್ತದೆ. ಗಮನಿಸಬೇಕಾದುದು ಇವಕ್ಕಿಂತ ಮೊದಲಿನ ಸಣ್ಣ ಸೂಚನೆಗಳನ್ನು. ಕಿವಿ ಟ್ರೇಲರ್‌ನತ್ತ ನೆಟ್ಟು ನಿಲ್ಲುವುದು, ನಡಿಗೆ ನಿಧಾನವಾಗುವುದು ಇಂಥವು. ಆ ಹಂತದಲ್ಲೇ ನಿಂತು ಕುದುರೆಗೆ ಸಮಯ ಕೊಟ್ಟರೆ ಮುಂದಿನ ಜಗ್ಗಾಟದ ಅಗತ್ಯವೇ ಬರುವುದಿಲ್ಲ.

ಕಲಿಕೆಯ ತತ್ವಗಳು

ಕುದುರೆ ತರಬೇತಿಯ ಬಹುಪಾಲು ಋಣಾತ್ಮಕ ಪುನರ್ಬಲನದ ಮೇಲೆ ನಿಂತಿದೆ. ಹಗ್ಗದಲ್ಲಿ ಹಗುರ ಒತ್ತಡ ಕೊಡುವುದು, ಕುದುರೆ ಒಂದು ಹೆಜ್ಜೆ ಮುಂದಿಟ್ಟ ಕ್ಷಣವೇ ಅದನ್ನು ಸಡಿಲಿಸುವುದು ಇದರ ಕ್ರಮ. ಇಲ್ಲಿ ಕಲಿಸುವುದು ಒತ್ತಡವಲ್ಲ, ಅದರ ಬಿಡುಗಡೆ. ಕುದುರೆ ಹಿಂದಕ್ಕೆ ಜಗ್ಗಿದಾಗ ಕೈ ಸಡಿಲಿಸಿದರೆ ಹಿಂದಕ್ಕೆ ಜಗ್ಗುವುದನ್ನೇ ಅದು ಕಲಿಯುತ್ತದೆ. ‘ಹಟಮಾರಿ’ ಎಂದು ಹೆಸರಾದ ಎಷ್ಟೋ ಕುದುರೆಗಳು ವಾಸ್ತವವಾಗಿ ಇಂಥ ತಪ್ಪು ಪಾಠದಲ್ಲಿ ಪಳಗಿದವು.

ಬಯಸಿದ ನಡೆಗೆ ಬಹುಮಾನ ಕೊಡುವುದು ಧನಾತ್ಮಕ ಪುನರ್ಬಲನ. ಒಂದು ಹಿಡಿ ನೆನೆಸಿದ ಹುರುಳಿ, ಕ್ಯಾರೆಟ್ ತುಂಡು ಅಥವಾ ಕುತ್ತಿಗೆಯ ಬುಡದ ಉಬ್ಬಿನಲ್ಲಿ ತುರಿಸುವುದು ಈ ಬಹುಮಾನ. ಕುದುರೆಗಳು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವ ಆ ಜಾಗದಲ್ಲಿ ತುರಿಸಿದಾಗ ಹೃದಯದ ಬಡಿತ ಇಳಿಯುವುದನ್ನು 1993ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಕತ್ತನ್ನು ಪಟಪಟನೆ ತಟ್ಟುವ ರೂಢಿಗಿಂತ ಇದು ಹೆಚ್ಚು ಫಲಕಾರಿ.

ಬಹುಮಾನ ಕೊಟ್ಟು ಕಲಿಸುವ ವಿಧಾನಕ್ಕೆ ಟ್ರೇಲರ್‌ನಲ್ಲೇ ನಡೆದ ಪ್ರಯೋಗವೊಂದರ ಬೆಂಬಲವಿದೆ. ಟ್ರೇಲರ್ ಏರಲು ಒಲ್ಲದ ಐದು ಕ್ವಾರ್ಟರ್ ಹಾರ್ಸ್ ಹೆಣ್ಣು ಕುದುರೆಗಳ ಮೇಲೆ ಅಮೆರಿಕದಲ್ಲಿ ನಡೆದ ಈ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಮೊದಲು ಅವುಗಳಿಗೆ ಒಂದು ಗುರಿವಸ್ತುವನ್ನು ಮೂಗಿನಿಂದ ಮುಟ್ಟುವುದನ್ನು ಕಲಿಸಲಾಯಿತು. ಪ್ರತಿ ಸ್ಪರ್ಶಕ್ಕೂ ತಿನಿಸು ಸಿಗುತ್ತಿತ್ತು. ಬಳಿಕ ಗುರಿವಸ್ತುವನ್ನು ಸ್ವಲ್ಪ ಸ್ವಲ್ಪವೇ ಟ್ರೇಲರ್‌ನ ಒಳಕ್ಕೆ ಸರಿಸುತ್ತ ಹೋದರು. ಕುದುರೆಗಳು ತಾವಾಗಿಯೇ ಒಳಹೊಕ್ಕವು. ಬೇರೆ ತರಬೇತುದಾರರು, ಬೇರೆ ಟ್ರೇಲರ್ ಬಂದಾಗಲೂ ಆ ಕಲಿಕೆ ಉಳಿಯಿತು. ಇದಕ್ಕೆ ವಿರುದ್ಧವಾಗಿ, ಹಿಂದಿನಿಂದ ಹೊಡೆದು, ಹಗ್ಗ ಹಾಕಿ ನೂಕಿ ಹತ್ತಿಸಿದ ಕುದುರೆ ಅಂದಿನ ಪ್ರಯಾಣವನ್ನೇನೋ ಮಾಡುತ್ತದೆ. ಮುಂದಿನ ಸಲ ಅದು ರ‍್ಯಾಂಪಿನ ಹತ್ತಿರವೂ ಸುಳಿಯದಿರಬಹುದು.

ನೆಲದ ಮೇಲಿನ ಪೂರ್ವಸಿದ್ಧತೆ

ಮೊದಲ ಪಾಠಗಳಿಗೆ ಟ್ರೇಲರ್ ಬೇಕಿಲ್ಲ. ಹಗ್ಗದ ಹಗುರ ಸೂಚನೆಗೆ ಒಂದು ಹೆಜ್ಜೆ ಮುಂದಿಡುವುದು, ನಿಲ್ಲುವುದು, ಒಂದು ಹೆಜ್ಜೆ ಹಿಂದಿಡುವುದು ಈ ಮೂರೂ ಅಂಗಳದಲ್ಲಿ ಖಚಿತವಾಗಬೇಕು. ಬಯಲಿನಲ್ಲಿ ಹಿಮ್ಮುಖವಾಗಿ ನೇರ ನಡೆಯಲು ಬಾರದ ಕುದುರೆಗೆ ಇಳಿಜಾರಿನಲ್ಲಿ ಅದು ಸಾಧ್ಯವಾಗದು. ಅನಂತರ ನೆಲದಲ್ಲಿ ದಪ್ಪ ಪ್ಲೈವುಡ್ ಹಲಗೆ ಹಾಸಿ ಅದರ ಮೇಲೆ ನಡೆಸುವುದು, ಎರಡು ಡ್ರಮ್ಮುಗಳ ನಡುವಿನ ಇಕ್ಕಟ್ಟಿನಲ್ಲಿ ಹಾಯಿಸುವುದು, ಟಾರ್ಪಾಲಿನ ಮೇಲೆ ನಿಲ್ಲಿಸುವುದು ಇತ್ಯಾದಿ ಅಭ್ಯಾಸಗಳು ಟ್ರೇಲರ್‌ನ ಒಂದೊಂದು ಗುಣವನ್ನೂ ಬಿಡಿಬಿಡಿಯಾಗಿ ಪರಿಚಯಿಸುತ್ತವೆ.

ರ‍್ಯಾಂಪಿನಿಂದ ಒಳಗೆ

ಟ್ರೇಲರನ್ನು ಸಮತಟ್ಟಾದ ಜಾಗದಲ್ಲಿ, ಎಳೆಯುವ ವಾಹನಕ್ಕೆ ಜೋಡಿಸಿಯೇ ನಿಲ್ಲಿಸಬೇಕು. ಬಿಡಿಯಾಗಿ ನಿಂತ ಟ್ರೇಲರ್‌ನ ಮುಂಭಾಗ ಕುದುರೆಯ ಭಾರಕ್ಕೆ ಮೇಲೇಳಬಹುದು. ಬಿಸಿಲು ಒಳಗೆ ಬೀಳುವಂತೆ ದಿಕ್ಕು ನೋಡಿ ನಿಲ್ಲಿಸಿ, ಮುಂಬಾಗಿಲು ತೆರೆದಿಟ್ಟು, ನಡುವಿನ ಅಡ್ಡಗೋಡೆಯನ್ನು ತೆಗೆದರೆ ಕತ್ತಲೆಯ ಗೂಡು ಬೆಳಕಿನ ಓಣಿಯಾಗುತ್ತದೆ. ತರಬೇತಿಯ ಒಟ್ಟು ಶ್ರಮದಲ್ಲಿ ಇಷ್ಟು ಸುಲಭವಾಗಿ ದಕ್ಕುವ ಲಾಭ ಇನ್ನೊಂದಿಲ್ಲ, ಆದರೂ ಹೆಚ್ಚಿನವರು ಮರೆಯುವುದು ಇದನ್ನೇ. ಸೈಸ್ ತಲೆಗೆ ಹೆಲ್ಮೆಟ್, ಕೈಗೆ ಗ್ಲೌಸ್, ಕಾಲಿಗೆ ಗಟ್ಟಿ ಬೂಟು ಧರಿಸಿರಬೇಕು. ಹಗ್ಗವನ್ನು ಯಾವ ಕಾರಣಕ್ಕೂ ಕೈಗೆ ಸುತ್ತಿಕೊಳ್ಳಬಾರದು.

ಕುದುರೆಯನ್ನು ರ‍್ಯಾಂಪಿನ ಮಧ್ಯಕ್ಕೆ ನೇರವಾಗಿ ತರುವುದು ಮುಖ್ಯ. ಓರೆಯಾಗಿ ಬಂದ ಕುದುರೆಗೆ ಪಕ್ಕಕ್ಕೆ ಜಾರಿಕೊಳ್ಳುವ ದಾರಿ ಸುಲಭ. ನಡೆಸುವವರು ಅದರ ಭುಜದ ಪಕ್ಕ ನಿಲ್ಲಬೇಕು. ಎದುರು ನಿಂತು ಕಣ್ಣಿಗೆ ಕಣ್ಣಿಟ್ಟು ಎಳೆದರೆ ದಾರಿಯನ್ನೇ ಅಡ್ಡಗಟ್ಟಿದಂತಾಗುತ್ತದೆ. ರ‍್ಯಾಂಪನ್ನು ಮೂಸಲು ಕುದುರೆ ತಲೆ ತಗ್ಗಿಸಿದರೆ ಹಗ್ಗ ಸಡಿಲಾಗಬೇಕು. ಒಂದು ಮುಂಗಾಲು ಹಲಗೆಯನ್ನು ಮುಟ್ಟಿತೆಂದರೆ ಅದೇ ಮೊದಲ ಗೆಲುವು. ಬಹುಮಾನ ಕೊಟ್ಟು, ತಕ್ಷಣ ಹಿಂದೆ ಕರೆತರಬೇಕು. ಕುದುರೆ ತಾನಾಗಿ ಹಿಂದೆ ಸರಿಯುವ ಮೊದಲೇ ಅದನ್ನು ಹಿಂದೆ ಕರೆಯುವುದರಲ್ಲಿ ಈ ಕ್ರಮದ ಗುಟ್ಟಿದೆ. ಹೊರದಾರಿ ಸದಾ ತೆರೆದಿದೆ, ಇಳಿಯುವುದು ತನಗೆ ಗೊತ್ತಿದೆ ಎಂದು ತಿಳಿದ ಕುದುರೆಗೆ ಒಳಗೆ ಹೋಗುವ ಆತಂಕ ತಗ್ಗುತ್ತದೆ. ಒಳಗೆ ಸೇರಿಸಲಷ್ಟೇ ಕಲಿಸಿದರೆ, ಇಳಿಯುವಾಗ ಅದು ಹಿಮ್ಮುಖವಾಗಿ ನುಗ್ಗಿ ಚಾವಣಿಗೆ ತಲೆ ಹೊಡೆದುಕೊಳ್ಳಬಹುದು. ಆ ಪೆಟ್ಟಿನೊಂದಿಗೆ ಇಡೀ ತರಬೇತಿ ಮೊದಲಿಗೆ ಬಂದು ನಿಲ್ಲುತ್ತದೆ.

ಮುಂಗಾಲು ಎರಡೂ ಹಲಗೆಯ ಮೇಲೆ, ಬಳಿಕ ಮುಂಗಾಲು ಒಳಗೆ ಹಿಂಗಾಲು ರ‍್ಯಾಂಪಿನ ಮೇಲೆ, ಕೊನೆಗೆ ನಾಲ್ಕೂ ಒಳಗೆ ಎಂಬಂತೆ ಹಂತಗಳು ಸಾಗುತ್ತವೆ. ಪ್ರತಿ ಹಂತದಲ್ಲೂ ಕುದುರೆ ತಲೆ ತಗ್ಗಿಸಿ, ನಿಧಾನ ಉಸಿರಾಡುತ್ತ ನಿಲ್ಲುವವರೆಗೆ ಮುಂದುವರಿಯಬಾರದು. ಅದು ಹಿಂದಕ್ಕೆ ನುಗ್ಗಿದರೆ ಹಗ್ಗ ಹಿಡಿದು ಗುದ್ದಾಡುವುದು ವ್ಯರ್ಥ. ಮನುಷ್ಯನ ತೋಳು ಆ ಭಾರದ ಮುಂದೆ ಏನೂ ಅಲ್ಲ. ಹಗುರ ಒತ್ತಡವನ್ನು ಉಳಿಸಿಕೊಂಡು ಜೊತೆಯಲ್ಲೇ ಸರಿದು, ಕುದುರೆ ನಿಂತು ಮತ್ತೆ ಒಂದು ಹೆಜ್ಜೆ ಮುಂದಿಟ್ಟಾಗ ಸಡಿಲಿಸಬೇಕು. ಪಾಠಗಳು ಚಿಕ್ಕದಾಗಿದ್ದು, ಕುದುರೆ ಸರಿಯಾಗಿ ಮಾಡಿದ ಕ್ಷಣದಲ್ಲಿ ಮುಗಿಯಬೇಕು. ಶಾಂತ ಸ್ವಭಾವದ ಇನ್ನೊಂದು ಕುದುರೆಯನ್ನು ಮೊದಲು ಹತ್ತಿಸಿ ನಿಲ್ಲಿಸಿದರೆ ಹಿಂಡಿನ ಧೈರ್ಯ ನೆರವಿಗೆ ಬರುತ್ತದೆ. ಆದರೆ ಆ ಜೊತೆ ಇಲ್ಲದಾಗಲೂ ಹತ್ತುವಂತಾಗುವವರೆಗೆ ಕಲಿಕೆ ಪೂರ್ಣವಾಯಿತು ಎನ್ನಲಾಗದು.

ಪ್ರಯಾಣದ ದಿನವೇ ತರಬೇತಿ ಆರಂಭಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಗಡಿಯಾರ ನೋಡುತ್ತ ಮಾಡಿದ ಕೆಲಸದಲ್ಲಿ ಕೈ ಬಿಗಿಯಾಗುತ್ತದೆ, ದನಿ ಏರುತ್ತದೆ. ಕುದುರೆ ಅವೆರಡನ್ನೂ ಗ್ರಹಿಸುತ್ತದೆ.

ಬಾಗಿಲು ಮುಚ್ಚುವ ಕ್ರಮ

ಕುದುರೆ ಒಳಗೆ ನಿಂತ ಮೇಲೆ ಮೊದಲು ಹಿಂದಿನ ಸರಳು, ಆಮೇಲೆ ತಲೆಯ ಹಗ್ಗ. ಇಳಿಸುವಾಗ ಮೊದಲು ಹಗ್ಗ ಬಿಚ್ಚಬೇಕು, ಆಮೇಲೆ ಸರಳು ತೆಗೆಯಬೇಕು. ತಲೆ ಕಟ್ಟಿದ್ದು ಹಿಂಭಾಗ ತೆರೆದಿದ್ದರೆ ಕುದುರೆ ಹಿಂದೆ ಸರಿಯುತ್ತದೆ, ಹಗ್ಗ ಬಿಗಿಯುತ್ತದೆ, ಗಾಬರಿ ಹುಟ್ಟುತ್ತದೆ. ಹಗ್ಗಕ್ಕೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಬೇಕು. ಬಾಗಿಲು ಎತ್ತುವವರು ರ‍್ಯಾಂಪಿನ ಹಿಂದೆ ನಿಲ್ಲದೆ ಪಕ್ಕದಲ್ಲಿ ನಿಲ್ಲಬೇಕು. ಸರಳಿನ ಸದ್ದು, ಬಾಗಿಲಿನ ಸದ್ದು, ಎಂಜಿನ್ನಿನ ಸದ್ದು ಇವಕ್ಕೂ ಬೇರೆ ಬೇರೆಯಾಗಿ ರೂಢಿ ಮಾಡಿಸಬೇಕು.

ಗಾಡಿ ಚಲಿಸಿದಾಗ

ಕುದುರೆಯ ಭಾರದ ಸುಮಾರು 60 ಪ್ರತಿಶತ ಮುಂಗಾಲುಗಳ ಮೇಲಿರುತ್ತದೆ. ಮುಂದಕ್ಕೆ ಮುಖ ಮಾಡಿ ನಿಂತ ಕುದುರೆಗೆ ಪ್ರತಿ ಬ್ರೇಕಿನಲ್ಲೂ ಆ ಭಾರ ಇನ್ನಷ್ಟು ಮುಂದೆ ಜರುಗುತ್ತದೆ. ತಿರುವಿನಲ್ಲಿ ಕಾಲಗಲಿಸಿ ನಿಲ್ಲಲು ಜಾಗ ಸಿಗದಿದ್ದರೆ ಅದು ಗೋಡೆಗೆ ಒರಗಿ ಒದ್ದಾಡುತ್ತದೆ. ಹೀಗಾಗಿ ಹತ್ತಲು ಒಲ್ಲದ ಕುದುರೆಯ ಸಮಸ್ಯೆಯ ಬೇರು ಅನೇಕ ಸಲ ಚಾಲಕನ ಬ್ರೇಕ್ ಪೆಡಲಿನಲ್ಲಿರುತ್ತದೆ. ಮೊದಲ ಪ್ರಯಾಣಗಳು ಚಿಕ್ಕದಾಗಿದ್ದು, ಮನೆಯ ಲಾಯಕ್ಕೇ ಮರಳಬೇಕು. ಪ್ರತಿ ಪ್ರಯಾಣವೂ ಆಸ್ಪತ್ರೆಯಲ್ಲಿ ಮುಗಿದರೆ ಕುದುರೆ ಆ ಸಂಬಂಧವನ್ನು ಬೇಗ ಕಲಿಯುತ್ತದೆ.

ದೀರ್ಘ ಪ್ರಯಾಣದಲ್ಲಿ ತಲೆಯನ್ನು ಎತ್ತರಕ್ಕೆ ಕಟ್ಟಿದರೆ ಶ್ವಾಸನಾಳದ ಲೋಳೆ ಹೊರಹೋಗಲಾರದೆ ಶ್ವಾಸಕೋಶದ ಸೋಂಕು ತಗಲಬಹುದು. ನಡುವೆ ನಿಲ್ಲಿಸಿ, ತಲೆ ತಗ್ಗಿಸಲು ಬಿಟ್ಟು ನೀರು ಕುಡಿಸಬೇಕು.

ಭಾರತದ ನಿಯಮ, ಕರ್ನಾಟಕದ ಬಳಕೆ

ಬೆಂಗಳೂರು ಮತ್ತು ಮೈಸೂರಿನ ರೇಸ್‌ಕೋರ್ಸ್‌ಗಳು, ಕುಣಿಗಲ್‌ನ ಕುದುರೆ ಫಾರಂ, ಮೈಸೂರಿನ ಪೊಲೀಸ್ ಅಶ್ವದಳ, ಬೆಂಗಳೂರು ಸುತ್ತಲಿನ ಸವಾರಿ ಶಾಲೆಗಳು ಇವು ರಾಜ್ಯದಲ್ಲಿ ಕುದುರೆ ಸಾಗಣೆಯ ಅಗತ್ಯ ಬೀಳುವ ಮುಖ್ಯ ತಾಣಗಳು. ಇಲ್ಲಿ ಎಳೆಯುವ ಟ್ರೇಲರ್‌ಗಿಂತ ಟ್ರಕ್ಕಿನ ಬಳಕೆಯೇ ಹೆಚ್ಚು. ತರಬೇತಿಯ ತತ್ವ ಎರಡಕ್ಕೂ ಒಂದೇ. ಟ್ರಕ್ಕಿನ ನೆಲ ಎತ್ತರದಲ್ಲಿರುವುದರಿಂದ ರ‍್ಯಾಂಪ್ ಹೆಚ್ಚು ಕಡಿದಾಗಿರುತ್ತದೆ. ಟ್ರಕ್ಕನ್ನು ಮಣ್ಣಿನ ದಿಬ್ಬಕ್ಕೆ ಒತ್ತಿ ನಿಲ್ಲಿಸಿದರೆ ರ‍್ಯಾಂಪಿನ ಇಳಿಜಾರು ತಗ್ಗುತ್ತದೆ.

1978ರ ಪ್ರಾಣಿ ಸಾಗಣೆ ನಿಯಮಗಳು ಕುದುರೆಗಳಿಗೆ ಪ್ರತ್ಯೇಕ ಸೂಚನೆ ನೀಡಿವೆ. ಪಶುವೈದ್ಯರ ಪ್ರಮಾಣಪತ್ರ ಇರಬೇಕು, ವಾಹನದ ಪಕ್ಕಗಳಿಗೆ ಮೆತ್ತೆ ಹಾಕಿರಬೇಕು, ಪ್ರತಿ ಎರಡು ಪ್ರಾಣಿಗಳ ನಡುವೆ ಕನಿಷ್ಠ 8 ಸೆಂಟಿಮೀಟರ್ ವ್ಯಾಸದ ಬಿದಿರಿನ ಗಳು ಇರಬೇಕು. ಪ್ರಾಣಿಗಳ ತಲೆ ಎಡಕ್ಕೆ, ಅಂದರೆ ಹಾದುಹೋಗುವ ವಾಹನಗಳಿಂದ ದೂರಕ್ಕೆ ಮುಖ ಮಾಡಿರಬೇಕು ಎಂಬ ಸೂಚನೆಯ ಹಿಂದೆ ಕುದುರೆಯ ಬೆದರುವ ಸ್ವಭಾವದ ಅರಿವಿದೆ. ವಾಹನದ ವೇಗ ಗಂಟೆಗೆ 35 ಕಿಲೋಮೀಟರ್ ಮೀರಬಾರದು. ಈ ವೇಗದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ನಾಲ್ಕು ತಾಸಿನಷ್ಟು ಹಿಡಿಯುತ್ತದೆ. ಆದುದರಿಂದ ಹತ್ತಿ ಇಳಿಯುವ ಪಾಠ ಮುಗಿದ ಮೇಲೆ, ನಿಂತ ಗಾಡಿಯೊಳಗೆ ಹುಲ್ಲು ಮೇಯುತ್ತ ನೆಮ್ಮದಿಯಾಗಿ ನಿಲ್ಲುವ ಅವಧಿಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುವ ಅಭ್ಯಾಸವನ್ನೂ ಪ್ರಯಾಣಕ್ಕೆ ಬಹಳ ಮೊದಲೇ ಮಾಡಿಸಲಾಗುತ್ತದೆ.